ಪಿಟೀಲಿನಿಂದ ಇರಾನಿನ ಸಂಗೀತಕ್ಕೆ: ವಾದ್ಯಕ್ಕಿಂತ ಮೊದಲು ಪದ್ಯ

ಪ್ರಶ್ನೆ: ಹದಿನೈದು ವರ್ಷದಿಂದ ಕರ್ನಾಟಕ ಸಂಗೀತದ ಪಿಟೀಲು ನುಡಿಸುತ್ತಿದ್ದೇನೆ. ಈಚೆಗೆ ಇರಾನಿನ ಕೈಹಾನ್ ಕಲ್ಹೋರ್ ಅವರ ಕಮಾಂಚೆ (ಕಮಾನಿನಿಂದ ನುಡಿಸುವ ವಾದ್ಯ), ಶಜರಿಯಾನ್ ಅವರ ಹಾಡುಗಾರಿಕೆ ಕೇಳಿ ಅದರಲ್ಲೇ ಮುಳುಗಿದ್ದೇನೆ. ಈ ಸಂಗೀತವನ್ನು ಸರಿಯಾಗಿ ಕಲಿಯುವ ಆಸೆ. ದಸ್ತಗಾಹ್ ಅಂದರೆ ನಮ್ಮ ರಾಗದ ಹಾಗೇನಾ? ಯಾವ ವಾದ್ಯ ಹಿಡಿಯಲಿ? ಫಾರ್ಸಿ ಭಾಷೆ, ಹಾಫಿಜ್, ರೂಮಿ ಎಲ್ಲ ಓದಲೇಬೇಕಾ ಅಥವಾ ಬರೀ ಸಂಗೀತ ಕಲಿತರೆ ಸಾಕಾ? ಬಿಜಾಪುರ, ಬೀದರ್ ಕಡೆ ಈ ಸಂಗೀತದ ಬೇರು ಏನಾದರೂ ಉಳಿದಿದೆಯಾ? (ಮೈಸೂರಿನ ಓದುಗರೊಬ್ಬರು)

ಉತ್ತರ:

ಭಾಷೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹೌದು, ಓದಲೇಬೇಕು. ಫಾರ್ಸಿ ಪಂಡಿತರಾಗಬೇಕಿಲ್ಲ. ಆದರೆ ಒಂದು ಗಜಲನ್ನು ಬಾಯಿಬಿಟ್ಟು, ಛಂದಸ್ಸು ಕೆಡದ ಹಾಗೆ ಓದುವುದಕ್ಕೆ ಬರಬೇಕು. ಹೊರಗಿನಿಂದ ಈ ಸಂಗೀತಕ್ಕೆ ಹೋಗುವವರು ಸಾಮಾನ್ಯವಾಗಿ ಮೊದಲು ವಾದ್ಯ ಕೊಳ್ಳುತ್ತಾರೆ. ಆಮೇಲೆ ಸ್ವರಗಳ ಪಟ್ಟಿ ಹುಡುಕುತ್ತಾರೆ. ಕಾವ್ಯವನ್ನು ‘ನಿಧಾನಕ್ಕೆ ನೋಡೋಣ’ ಅಂತ ಪಕ್ಕಕ್ಕಿಡುತ್ತಾರೆ. ಆ ಕ್ರಮವೇ ತಲೆಕೆಳಗು ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಅಂತ ಹೇಳುತ್ತೇನೆ. ಇರಾನಿನ ಕಛೇರಿಯ ಜೀವ ಇರುವುದು ಆವಾಜ್ ಅನ್ನುವ ಭಾಗದಲ್ಲಿ. ಅದಕ್ಕೆ ತಾಳವಿಲ್ಲ. ಗಾಯಕರು ಒಂದು ಗಜಲ್ ಎತ್ತಿಕೊಂಡು ಒಂದೊಂದೇ ಸಾಲು ಹಾಡುತ್ತಾ ಹೋಗುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ಆಲಾಪನೆ ಇದ್ದ ಹಾಗಿದೆಯಲ್ಲ ಅನಿಸುತ್ತದೆ. ಆದರೆ ಆಲಾಪನೆಯಲ್ಲಿ ಸಾಹಿತ್ಯವಿಲ್ಲ. ಇಲ್ಲಿ ಸಾಹಿತ್ಯವೇ ಎಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಉಗಾಭೋಗ. ಇನ್ನೂ ಹತ್ತಿರದ್ದು, ಗಮಕಿಗಳು ಗದುಗಿನ ಭಾರತ ಓದುವ ಕ್ರಮ. ಅಲ್ಲಿ ರಾಗ ಪದ್ಯದ ಹಿಂದೆ ನಡೆಯುತ್ತದೆ, ಪದ್ಯ ರಾಗದ ಹಿಂದೆ ಅಲ್ಲ. ಆವಾಜ್ ಕೂಡ ಹಾಗೇ. ತಾಳವಿಲ್ಲ ಅಂದ ಮಾತ್ರಕ್ಕೆ ಲಯ ಇಲ್ಲ ಅಂತ ಅಲ್ಲ. ಲಯ ಪದ್ಯದ ಒಳಗಿನಿಂದ ಬರುತ್ತದೆ.

ಈ ವಿಷಯದಲ್ಲಿ ಕನ್ನಡ ಓದಿದವರಿಗೆ ಒಂದು ಅನುಕೂಲ ಇದೆ. ಫಾರ್ಸಿ ಛಂದಸ್ಸಿನ ಹೆಸರು ಅರೂಜ್. ಅದು ಗುರು, ಲಘುಗಳ ಲೆಕ್ಕ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆ ಅಲ್ವಾ? ಅಷ್ಟು ಸಾಕು ಶುರು ಮಾಡುವುದಕ್ಕೆ. ರೂಮಿಯ (1207–1273) ಮಸ್ನವಿ ಅನ್ನುವ ದೊಡ್ಡ ಕಾವ್ಯದ ಮೊದಲ ಸಾಲು ನೋಡಿ. ಇರಾನಿನಲ್ಲಿ ಇದು ಗೊತ್ತಿಲ್ಲದವರು ಸಿಗೋದು ಕಷ್ಟ:

ಬೆಶ್ನೊ ಅಜ್ ನೈ ಚೊನ್ ಹೆಕಾಯತ್ ಮೀಕೊನದ್

ಕೊಳಲು ತನ್ನ ಕತೆ ಹೇಳುತ್ತಿದೆ, ಕೇಳು ಅಂತ ಅರ್ಥ. ಇದಕ್ಕೆ ಪ್ರಸ್ತಾರ ಹಾಕಿದರೆ ಗುರು-ಲಘು-ಗುರು-ಗುರು ಎರಡು ಸಲ, ಕೊನೆಗೆ ಗುರು-ಲಘು-ಗುರು. ಬಾಯಲ್ಲಿ ಹೇಳುವುದಾದರೆ ‘ನಾನನಾನಾ ನಾನನಾನಾ ನಾನನಾ’. ಹತ್ತು ಸಲ ಹೇಳಿ ನೋಡಿ. ಇದೇ ನಡೆ ಇಡೀ ಮಸ್ನವಿಯಲ್ಲಿ, ಸುಮಾರು 25 ಸಾವಿರ ದ್ವಿಪದಿಗಳಲ್ಲಿ ಓಡುತ್ತದೆ. ಸಂಗೀತದಲ್ಲೂ ಮಸ್ನವಿ ಅನ್ನುವ ಹೆಸರಿನದೇ ಧಾಟಿ ಇದೆ. ಅದನ್ನು ಸೆತಾರ್ ಅನ್ನುವ ತಂತಿವಾದ್ಯ ಒಂದೇ ನುಡಿಸುತ್ತಿದ್ದರೂ, ಯಾರೂ ಹಾಡದೇ ಇದ್ದರೂ, ಕೇಳುವ ಇರಾನಿಯ ಕಿವಿಯಲ್ಲಿ ಈ ನಾನನಾನಾ ಓಡುತ್ತಿರುತ್ತದೆ. ನಿಮ್ಮ ಕಿವಿಯಲ್ಲಿ ಅದು ಓಡದಿದ್ದರೆ ನಿಮಗೆ ಕೇಳುವುದು ಬರೀ ಸ್ವರ.

ಇನ್ನೊಂದು ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಿಲ್ಲ. ಹಾಫಿಜ್‌ನ ಒಂದು ಪ್ರಸಿದ್ಧ ಗಜಲ್ ಹೀಗೆ ಶುರುವಾಗುತ್ತದೆ:

ಹೆಜಾಬೆ ಚೆಹ್ರೆಯೆ ಜಾನ್ ಮೀಶವದ್ ಗೊಬಾರೆ ತನಮ್

ಈ ದೇಹದ ಧೂಳೇ ಜೀವದ ಮುಖಕ್ಕೆ ಪರದೆಯಾಗಿದೆ ಅನ್ನುತ್ತಾನೆ. ನಡೆ: ‘ನನಾನನಾ ನನನಾನಾ ನನಾನನಾ ನನನಾ’. ಈಗ ಕೆರೆಶ್ಮೆ ಅನ್ನುವ ಒಂದು ಚಿಕ್ಕ ಧಾಟಿ ಹುಡುಕಿ ಕೇಳಿ. ಅದು ಹಲವು ದಸ್ತಗಾಹ್‌ಗಳಲ್ಲಿ (ಧಾಟಿಗಳ ದೊಡ್ಡ ಗುಂಪುಗಳು, ಮುಂದೆ ವಿವರಿಸುತ್ತೇನೆ) ಬರುತ್ತದೆ. ಸ್ವರಗಳು ಒಂದೊಂದು ಕಡೆ ಒಂದೊಂದು ಥರ. ಬದಲಾಗದೆ ಇರುವುದು ಈ ಛಂದಸ್ಸಿನ ನಡೆ ಮಾತ್ರ. ವಾದ್ಯದವರಿಗೆ ಕಾವ್ಯ ಯಾಕೆ ಅನ್ನುವವರಿಗೆ ಕೆರೆಶ್ಮೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಕನ್ನಡದವರು ಎಡವುವ ಜಾಗ ಒಂದಿದೆ, ಈಗಲೇ ಹೇಳಿಬಿಡುತ್ತೇನೆ. ಫಾರ್ಸಿಯಲ್ಲಿ ಗುರುವಿಗಿಂತ ಉದ್ದದ ಅಕ್ಷರವೂ ಇದೆ. ದೀರ್ಘ ಸ್ವರದ ಮೇಲೆ ವ್ಯಂಜನ ಬಂದು ನಿಂತರೆ, ಅಥವಾ ಹ್ರಸ್ವದ ಮೇಲೆ ಎರಡು ವ್ಯಂಜನ ಬಂದರೆ, ಸಾಲಿನ ನಡುವೆ ಅದು ಒಂದು ಗುರು, ಒಂದು ಲಘು ಅಂತ ಎರಡಾಗುತ್ತದೆ. ದೀರ್ಘದ ಮುಂದೆ ‘ನ್’ ಬಂದರೆ ಮಾತ್ರ ಈ ಲೆಕ್ಕ ಇಲ್ಲ, ಅದು ಬರೀ ಗುರು. ಹಾಫಿಜ್‌ನ ಮತ್ತೊಂದು ಸಾಲು: ‘ಯಾರೀ ಅಂದರ್ ಕಸ್ ನೆಮೀಬೀನೀಮ್ ಯಾರಾನ್ ರಾ ಚೆ ಶೊದ್’. ಯಾರಲ್ಲೂ ಗೆಳೆತನ ಕಾಣುತ್ತಿಲ್ಲ, ಗೆಳೆಯರಿಗೆಲ್ಲ ಏನಾಯಿತು ಅಂತ ಕೇಳುತ್ತಾನೆ. ಇಲ್ಲಿ ‘ನೀಮ್’ ಅನ್ನುವಲ್ಲಿ ಒಂದು ಲಘುವಿನಷ್ಟು ಹೊತ್ತು ಜಾಸ್ತಿ ನಿಲ್ಲಬೇಕು. ನಾವು ಕನ್ನಡದ ಅಭ್ಯಾಸದಲ್ಲಿ ದಾಟಿಕೊಂಡು ಹೋಗುತ್ತೇವೆ. ಅಲ್ಲಿಗೆ ಸಾಲು ಕುಂಟುತ್ತದೆ. ‘ಯಾರೀ’ಯ ರೀ ಇಲ್ಲಿ ಲಘು, ಮುಂದೆ ಸ್ವರ ಬಂದಿರುವುದರಿಂದ. ಇಂಥ ಸೂಕ್ಷ್ಮಗಳನ್ನು ನಿಯಮವಾಗಿ ಕಲಿಯೋದಕ್ಕಿಂತ ಓದುವವರನ್ನು ಕೇಳಿ ಕಲಿಯೋದು ಸುಲಭ. ಗಂಜೂರ್ ಅನ್ನುವ ಜಾಲತಾಣದಲ್ಲಿ ಹಳೆಯ ಫಾರ್ಸಿ ಕವಿಗಳ ಕಾವ್ಯ ಸಿಗುತ್ತದೆ. ಪದ್ಯದ ಛಂದಸ್ಸಿನ ಹೆಸರೂ ಇರುತ್ತದೆ, ಅನೇಕ ಪದ್ಯಗಳಿಗೆ ಓದಿದ ಧ್ವನಿಯೂ ಇರುತ್ತದೆ. ದುಡ್ಡು ಕೊಡಬೇಕಿಲ್ಲ.

ಉರ್ದು ಗಜಲ್ ಕೇಳಿ ಬೆಳೆದವರಾದರೆ ಉಚ್ಚಾರಣೆಯ ಕಡೆ ಇನ್ನಷ್ಟು ಗಮನ ಬೇಕು. ನಮ್ಮ ಕಡೆ ದಿಲ್, ಗುಲ್, ಇಷ್ಕ್ ಅನ್ನುತ್ತಾರೆ. ಟೆಹರಾನಿನಲ್ಲಿ ಅವು ದೆಲ್, ಗೊಲ್, ಎಶ್ಕ್. ಭಾರತದ ಓದು ತಪ್ಪೇನಲ್ಲ, ಅದೂ ಹಳೆಯದೇ. ಆದರೆ ನೀವು ಕಲಿಯಲು ಹೊರಟಿರುವ ಹಾಡುಗಾರಿಕೆ ಇರಾನಿನ ಸ್ವರೋಚ್ಚಾರಣೆಯ ಮೇಲೆ ಕಟ್ಟಿದ್ದು. ಉದ್ದನೆಯ ಆಕಾರ ಅಲ್ಲಿ ಬಾಯಿ ಗುಂಡಗಾಗಿ ಬರುತ್ತದೆ. ಧ್ವನಿಯ ಬಣ್ಣವೇ ಬೇರೆಯಾಗುತ್ತದೆ.

ಈಗ ದಸ್ತಗಾಹ್. ಅದು ರಾಗ ಅಲ್ಲ. ರಾಗದ ಹಾಗೆ ಅಂದುಕೊಂಡು ಶುರು ಮಾಡಿದರೆ ಮೊದಲ ವಾರ ಖುಷಿಯಾಗುತ್ತದೆ, ಆಮೇಲೆ ಗೊಂದಲ. ಶೂರ್, ಮಾಹೂರ್, ಹುಮಾಯೂನ್, ಸೆಗಾಹ್, ಚಹಾರ್‌ಗಾಹ್, ನವಾ, ರಾಸ್ತ್ ಪಂಜ್‌ಗಾಹ್ ಅಂತ ಏಳು ದಸ್ತಗಾಹ್. ಇವುಗಳಿಂದ ಕವಲೊಡೆದ ಐದು: ಅಬೂ ಅತಾ, ದಶ್ತಿ, ಅಫ್ಶಾರಿ, ಬಯಾತೆ ತುರ್ಕ್ ಶೂರ್‌ನ ಕವಲುಗಳು, ಬಯಾತೆ ಎಸ್ಫಹಾನ್ ಹುಮಾಯೂನ್‌ನ ಕವಲು. ಒಂದೊಂದು ದಸ್ತಗಾಹ್‌ನ ಒಳಗೂ ಗುಶೆ ಅನ್ನುವ ಚಿಕ್ಕ ಚಿಕ್ಕ ಧಾಟಿಗಳಿವೆ. ಪ್ರತಿ ಗುಶೆಗೂ ಹೆಸರಿದೆ, ತನ್ನದೇ ಜಾಗ ಇದೆ, ತನ್ನದೇ ಒತ್ತಿನ ಸ್ವರ ಇದೆ. ಎಲ್ಲ ಸೇರಿ ಸುಮಾರು 250 ಗುಶೆ. ಈ ಪೂರ್ತಿ ಸಂಗ್ರಹಕ್ಕೆ ರದೀಫ್ ಅಂತ ಹೆಸರು. 2009ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾಹೂರ್ ತೆಗೆದುಕೊಳ್ಳಿ. ದರಾಮದ್ ಅನ್ನುವ ಮೊದಲ ಗುಶೆ ಕೇಳಿದರೆ ಶಂಕರಾಭರಣದ ಮನೆಗೆ ಬಂದ ಹಾಗಿರುತ್ತದೆ. ನಿಧಾನಕ್ಕೆ ಮೇಲೇರುತ್ತಾ ದೆಲ್‌ಕಶ್ ಅನ್ನುವ ಗುಶೆಗೆ ಬರುತ್ತಾರೆ. ಅಲ್ಲಿ ಪಂಚಮವೇ ಕೇಂದ್ರ. ಗ್ರಹಭೇದ ಮಾಡಿದರು, ಅಂದರೆ ಸ್ವರಗಳನ್ನು ಹಾಗೇ ಇಟ್ಟು ಷಡ್ಜ ಮಾತ್ರ ಬದಲಿಸಿದರು ಅಂತ ಬರೆದುಕೊಳ್ಳಬೇಡಿ. ಧೈವತ, ನಿಷಾದ ಎರಡೂ ಜಾಗ ಬದಲಿಸಿ ಕೆಳಗೆ ಇಳಿದಿರುತ್ತವೆ. ನೀವೀಗ ಶೂರ್‌ನ ಬಣ್ಣದ ಒಳಗೆ ಇದ್ದೀರಿ. ಬೆಳಕಿದ್ದ ಕಡೆ ಇದ್ದಕ್ಕಿದ್ದಂತೆ ಸಂಜೆಯಾದಂತೆ. ಸ್ವಲ್ಪ ಹೊತ್ತು ಅಲ್ಲಿದ್ದು, ಫೊರೂದ್ ಅನ್ನುವ ಇಳಿಜಾರು ಹಿಡಿದು ಮಾಹೂರ್‌ನ ಷಡ್ಜಕ್ಕೆ ವಾಪಸ್ ಬರುತ್ತಾರೆ. ಈ ಹೋಗಿ ಬರುವ ದಾರಿಯೇ ದಸ್ತಗಾಹ್. ಬರೀ ಆರೋಹಣ ಅವರೋಹಣ ಬರೆದರೆ ಅದರಲ್ಲಿ ಏನೂ ಸಿಗಲ್ಲ. ಇದೇ ಮಾಹೂರ್‌ನ ಕೊನೆಯ ಕಡೆ ರಾಕೆ ಹಿಂದಿ ಅಂತ ಒಂದು ಗುಶೆ ಬರುತ್ತದೆ. ಹೆಸರು ನೋಡಿ ನಮ್ಮದು ಅಂತ ಕುಣಿಯಬೇಡಿ. ಕೇಳಿದರೆ ಅದು ಪೂರ್ತಿ ಇರಾನಿಯೇ.

ಸ್ವರಸ್ಥಾನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚಹಾರ್‌ಗಾಹ್ ಅಂದರೆ ಮಾಯಾಮಾಳವಗೌಳ, ಆದರೆ ರಿಷಭ ಧೈವತಗಳು ನಮ್ಮ ಶುದ್ಧಕ್ಕೂ ಚತುಶ್ರುತಿಗೂ ನಡುವೆ ಎಲ್ಲೋ ನಿಂತಿವೆ. ಆ ನಡುವಿನ ಜಾಗವನ್ನು ಕೊರೊನ್ ಅನ್ನುವ ಗುರುತಿನಿಂದ ಬರೆಯುತ್ತಾರೆ. ಆ ಗುರುತನ್ನು ತಂದವರು ಅಲಿ ನಕಿ ವಜೀರಿ (1887–1979). ಅವರು ಸ್ಥಾಯಿಯನ್ನು 24 ಸಮಭಾಗ ಮಾಡುವ ಲೆಕ್ಕವನ್ನೂ ಮುಂದಿಟ್ಟರು. ನುಡಿಸುವವರು ಆ ಲೆಕ್ಕಕ್ಕೆ ಬಗ್ಗಲಿಲ್ಲ. ಒಬ್ಬೊಬ್ಬರ ಕೊರೊನ್ ಒಂದೊಂದು ಕೂದಲೆಳೆ ಆಚೀಚೆ. ಟ್ಯೂನರ್ ಹಿಡಿದು ಅಳೆಯುವ ಬದಲು ಗುರುಗಳ ಜೊತೆ ಹಾಡಿ. ಪಿಟೀಲಿನವರ ಕಿವಿಗೆ ಇದು ಕಷ್ಟದ ಕೆಲಸವಲ್ಲ. ನಿಮಗೆ ನಿಜಕ್ಕೂ ಕಾಡುವುದು ತಂಬೂರಿ ಇಲ್ಲದಿರುವುದು. ಕಿವಿಯಲ್ಲಿ ಷಡ್ಜ ಸದಾ ಮೊಳಗುತ್ತಿಲ್ಲದಿದ್ದರೆ ನಮಗೆ ಕಾಲಿನ ಕೆಳಗೆ ನೆಲವೇ ಇಲ್ಲ ಅನಿಸುತ್ತದೆ. ದಯವಿಟ್ಟು ಶ್ರುತಿಪೆಟ್ಟಿಗೆ ಹಾಕಿಕೊಂಡು ಅಭ್ಯಾಸ ಮಾಡಬೇಡಿ. ದೆಲ್‌ಕಶ್‌ನಂಥ ಗುಶೆ ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ.

ರದೀಫ್ ಹೇಗೆ ಉಳಿದು ಬಂತು ಅನ್ನುವ ಕತೆ ಕೇಳಿದರೆ ಕಲಿಯುವ ದಾರಿಯೂ ಗೊತ್ತಾಗುತ್ತದೆ. ಇರಾನಿನ ಕಾಜಾರ್ ಅರಸರ ಆಸ್ಥಾನದಲ್ಲಿ ತಾರ್ ಅನ್ನುವ ತಂತಿವಾದ್ಯ ನುಡಿಸುತ್ತಿದ್ದವರು ಅಲಿ ಅಕ್ಬರ್ ಫರಾಹಾನಿ. ಅವರ ಮಗ ಮಿರ್ಜಾ ಅಬ್ದುಲ್ಲಾ (1843–1918) ಚದುರಿದ್ದ ಗುಶೆಗಳನ್ನು ಕ್ರಮಕ್ಕೆ ತಂದು ಕಲಿಸಿದರು. ಮಿರ್ಜಾ ಅವರ ತಮ್ಮ ಆಕಾ ಹೊಸೇನ್ ಕೊಲಿಯದೂ ಒಂದು ರದೀಫ್ ಇದೆ. ನಮ್ಮಲ್ಲಿ ಪಾಠಾಂತರ ಅನ್ನುತ್ತೇವಲ್ಲ, ಹಾಗೆ. ಮಿರ್ಜಾ ಅಬ್ದುಲ್ಲಾ ಪಾಠಾಂತರವನ್ನು ಅವರ ಶಿಷ್ಯ ಎಸ್ಮಾಯಿಲ್ ಕಹ್ರಮಾನಿ ಅವರಿಂದ ಕಲಿತು ನಮ್ಮ ಕಾಲಕ್ಕೆ ಮುಟ್ಟಿಸಿದವರು ನೂರ್ ಅಲಿ ಬೊರೂಮಂದ್ (1905–1977). ಜರ್ಮನಿಗೆ ವೈದ್ಯಕೀಯ ಓದಲು ಹೋಗಿದ್ದವರು, ಕಣ್ಣು ಕಳೆದುಕೊಂಡು ಊರಿಗೆ ಬಂದರು. ಆಮೇಲೆ ಇಡೀ ರದೀಫನ್ನು ಕಿವಿಯಿಂದಲೇ ಕಲಿತರು, ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಅದೇ ರೀತಿ ಕಲಿಸಿದರು. ಗುರು ಒಂದು ತುಣುಕು ನುಡಿಸುತ್ತಾರೆ, ಶಿಷ್ಯ ನುಡಿಸಿ ತೋರಿಸುತ್ತಾನೆ, ಸರಿ ಬಂದರೆ ಮುಂದಿನದು. ಇದಕ್ಕೆ ಅಲ್ಲಿ ‘ಸೀನೆ ಬೆ ಸೀನೆ’, ಎದೆಯಿಂದ ಎದೆಗೆ ಅನ್ನುತ್ತಾರೆ. ಮುಂದೆ ದೊಡ್ಡ ಹೆಸರು ಮಾಡಿದ ಲೊತ್ಫಿ, ಅಲೀಜಾದೆ, ತಲಾಯಿ ಎಲ್ಲ ಅವರ ಪಾಠದಲ್ಲಿ ಕೂತವರೇ.

ಹೊರಗಿನವರೂ ಅವರ ಹತ್ತಿರ ಕಲಿತಿದ್ದಾರೆ. ಅಮೆರಿಕದ ಸಂಗೀತಶಾಸ್ತ್ರಜ್ಞ ಬ್ರೂನೋ ನೆಟ್ಲ್ 1960ರ ದಶಕದ ಕೊನೆಯಲ್ಲಿ ಟೆಹರಾನಿನಲ್ಲಿ ರದೀಫ್ ಅಧ್ಯಯನ ಮಾಡಿದರು. ‘ಬೀದಿಯಲ್ಲಿ ಹೋಗುವ ಸಾಮಾನ್ಯ ಇರಾನಿಗೆ ತಾನಾಗಿ ತಿಳಿಯುವುದು ನಿಮಗೆ ಎಂದಿಗೂ ತಿಳಿಯುವುದಿಲ್ಲ’ ಎಂಬ ಅರ್ಥದ ಮಾತನ್ನು ತಮ್ಮ ಗುರು ಹೇಳಿದ್ದರು ಅಂತ ನೆಟ್ಲ್ ಅವರೇ ಬರೆದಿದ್ದಾರೆ. ಹಾಗಂತ ಅವರು ಬಿಡಲಿಲ್ಲ. ಮುಂದೆ ರದೀಫ್ ಬಗ್ಗೆ ಪುಸ್ತಕವನ್ನೇ ಬರೆದರು. ಆ ಗುರುಗಳ ಮಾತಿಗೆ ನನ್ನ ಓದು ಇಷ್ಟೇ: ಬೀದಿಯ ಇರಾನಿಗೆ ಗುಶೆಗಳ ಹೆಸರು ಗೊತ್ತಿರಲ್ಲ. ಆದರೆ ಹಾಫಿಜ್‌ನ ಸಾಲುಗಳು ಬಾಯಿಗೆ ಬರುತ್ತವೆ. ವರ್ಷದ ದೀರ್ಘ ರಾತ್ರಿಯಾದ ಯಲ್ದಾದಂದು ಮನೆಮಂದಿ ದಾಳಿಂಬೆ, ಕಲ್ಲಂಗಡಿ ಮುಂದಿಟ್ಟುಕೊಂಡು ಹಾಫಿಜ್‌ನ ದಿವಾನ್ (ಕವನ ಸಂಗ್ರಹ) ತೆರೆದು ಶಕುನ ನೋಡುತ್ತಾರೆ. ಹೊರಗಿನವರಿಗೆ ಇಲ್ಲದ ಆಸ್ತಿ ಅದು. ಪೂರ್ತಿ ಗಳಿಸಲು ಆಗಲಿಕ್ಕಿಲ್ಲ. ಸ್ವಲ್ಪ ಗಳಿಸಬಹುದು.

ಶಜರಿಯಾನ್ (1940–2020) ಅವರ ದಾರಿಯನ್ನೇ ನೋಡಿ. ಹುಟ್ಟಿದ್ದು ಮಶ್‌ಹದ್‌ನಲ್ಲಿ. ತಂದೆ ಕುರಾನ್ ಪಠಿಸುವವರು, ಸಂಗೀತಕ್ಕೆ ಒಪ್ಪದವರು. ಹುಡುಗ ಮೊದಲು ಪಳಗಿದ್ದು ಪಠಣದಲ್ಲಿ. ರೇಡಿಯೋದಲ್ಲಿ ಹಾಡಲು ಶುರು ಮಾಡಿದಾಗ ಸಿಯಾವಶ್ ಬೀದಕಾನಿ ಅಂತ ಬೇರೆ ಹೆಸರು ಇಟ್ಟುಕೊಳ್ಳಬೇಕಾಯಿತು. ಆಮೇಲೆ ಬೊರೂಮಂದ್, ಅಬ್ದುಲ್ಲಾ ದವಾಮಿ ಅಂಥವರ ಬಳಿ ಕಲಿತರು. ಅವರ ಹಾಡಿನಲ್ಲಿ ಒಂದು ಅಕ್ಷರವೂ ಮಸುಕಾಗುವುದಿಲ್ಲ ಅಲ್ವಾ? ತಹ್ರೀರ್ ಅನ್ನುವ ಆ ಕೊರಳಿನ ಕುಲುಕು ಎಲ್ಲರಿಗೂ ಮೊದಲು ಕೇಳಿಸುತ್ತದೆ. ಆದರೆ ಗಮನಿಸಿ, ಅದು ಬರುವುದು ಹೆಚ್ಚಾಗಿ ಮಾತು ಮುಗಿದ ಮೇಲೆ. ಪದ್ಯದ ಸಾಲು ಮೊದಲು ನೇರವಾಗಿ ಕೇಳುಗರಿಗೆ ಮುಟ್ಟಬೇಕು, ಅಲಂಕಾರ ಆಮೇಲೆ.

ಅವರ ‘ಬೀದಾದ್’ ಧ್ವನಿಮುದ್ರಣ 1985ರಲ್ಲಿ ಬಂತು, ಇರಾಕ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಬೀದಾದ್ ಅನ್ನುವುದು ಹುಮಾಯೂನ್ ದಸ್ತಗಾಹ್‌ನ ಒಂದು ಗುಶೆ. ಅನ್ಯಾಯ ಅಂತಲೂ ಅರ್ಥ. ಹಾಡಿದ್ದು ಮೇಲೆ ಹೇಳಿದ ‘ಯಾರೀ ಅಂದರ್ ಕಸ್’ ಗಜಲ್. ಆರು ನೂರು ವರ್ಷದ ಹಿಂದಿನ ಪದ್ಯ, ಸೆನ್ಸಾರ್ ಮಾಡುವವರು ಏನು ಅಂತ ತಡೆಯುತ್ತಾರೆ? ಕೇಳುವವರು ಮಾತ್ರ ಅದನ್ನು ತಮ್ಮ ಕಾಲದ ಮಾತಾಗಿಯೇ ಕೇಳಿಸಿಕೊಂಡರು. ಯಾವ ಗುಶೆಯ ಮೇಲೆ ಯಾವ ಸಾಲು ಕೂತಿದೆ ಅನ್ನುವುದೇ ಇಲ್ಲಿ ಅರ್ಥ ಹುಟ್ಟಿಸುತ್ತದೆ. ಭಾಷೆ ಬಿಟ್ಟು ಕೇಳಿದವರಿಗೆ ಇದರಲ್ಲಿ ಸಿಗುವುದು ಒಂದು ದುಃಖದ ರಾಗ, ಅಷ್ಟೇ.

ಕಛೇರಿಯ ಉಳಿದ ಭಾಗಗಳನ್ನು ಬೇಗ ಮುಗಿಸುತ್ತೇನೆ. ತಾಳಬದ್ಧವಾದ ಪೀಶ್ ದರಾಮದ್ ಮೊದಲು, ನಡುವೆ ಚುರುಕಾದ ಚಹಾರ್ ಮೆಜ್ರಾಬ್, ಆವಾಜ್, ಆಮೇಲೆ ತಸ್ನೀಫ್ ಅನ್ನುವ ಕಟ್ಟಿದ ಹಾಡು, ಕೊನೆಗೆ ಕುಣಿತದ ಲಯದ ರೆಂಗ್. ಪೀಶ್ ದರಾಮದ್ ರೂಢಿಗೆ ತಂದವರು ದರ್ವೀಶ್ ಖಾನ್. ಪಾಪ, 1926ರಲ್ಲಿ ಅವರು ಕುದುರೆ ಗಾಡಿಯಲ್ಲಿ ಹೋಗುತ್ತಿದ್ದಾಗ ಮೋಟಾರು ಬಂದು ಗುದ್ದಿ ತೀರಿಕೊಂಡರು. ಟೆಹರಾನಿನಲ್ಲಿ ಮೋಟಾರುಗಳೇ ಅಪರೂಪವಾಗಿದ್ದ ಕಾಲ ಅದು. ತಸ್ನೀಫ್ ಕೇಳಬೇಕಂದರೆ ‘ಮೊರ್ಗೆ ಸಹರ್’ನಿಂದ ಶುರು ಮಾಡಿ. ಮಲೆಕೊಶ್ಶೊಅರಾ ಬಹಾರ್ ಅವರ ಸಾಹಿತ್ಯ, ಮೊರ್ತೆಜಾ ನೈದಾವೂದ್ ಅವರ ಸಂಗೀತ, ಮಾಹೂರ್‌ನಲ್ಲಿದೆ. ಶಜರಿಯಾನ್ ಕಛೇರಿಗಳ ಕೊನೆಗೆ ಜನ ಇದನ್ನು ಕೇಳದೆ ಎದ್ದು ಹೋಗುತ್ತಿರಲಿಲ್ಲ.

ಹೆಣ್ಣುದನಿಗಳನ್ನೂ ಬಿಡದೆ ಕೇಳಿ. ಕಮರೊಲ್ ಮೊಲೂಕ್ ವಜೀರಿ 1924ರಲ್ಲಿ ಟೆಹರಾನಿನ ಗ್ರ್ಯಾಂಡ್ ಹೋಟೆಲಿನಲ್ಲಿ ಮುಸುಕಿಲ್ಲದೆ ಹಾಡಿದರು, ಊರೆಲ್ಲ ಗಲಾಟೆಯಾಯಿತು. ಮಹಮೂದ್ ಕರೀಮಿ ಅವರ ಶಿಷ್ಯೆ ಪರೀಸಾ ಅವರ ದನಿಯಂತೂ ರದೀಫ್ ಕಲಿಯುವವರಿಗೆ ಹೇಳಿ ಮಾಡಿಸಿದ್ದು, ಅಷ್ಟು ಸ್ಪಷ್ಟ. 1979ರ ಕ್ರಾಂತಿಯ ಮೇಲೆ ಇರಾನಿನಲ್ಲಿ ಗಂಡಸರಿರುವ ಸಭೆಯಲ್ಲಿ ಹೆಂಗಸರು ಒಬ್ಬರೇ ಹಾಡುವುದಕ್ಕೆ ತಡೆ ಬಿತ್ತು. ಹೀಗಾಗಿ ಹೆಣ್ಣುಮಕ್ಕಳ ಪರಂಪರೆ ಹೆಚ್ಚಾಗಿ ಮನೆಪಾಠಗಳಲ್ಲಿ, ಹೊರದೇಶಗಳಲ್ಲಿ ಮುಂದುವರಿದಿದೆ.

ವಾದ್ಯದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮನಸ್ಸು ಕಮಾಂಚೆ ಮೇಲಿದೆ ಅಂತ ಗೊತ್ತು. ನಾಲ್ಕು ತಂತಿ, ಬುರುಡೆಯ ಬಾಯಿಗೆ ಚರ್ಮ, ಕೆಳಗೆ ಒಂದು ಕಾಲು. ಪಿಟೀಲಿನಲ್ಲಿ ತಂತಿ ಬದಲಿಸಲು ಕಮಾನನ್ನು ವಾಲಿಸುತ್ತೀರಿ. ಇಲ್ಲಿ ಕಮಾನು ಹಾಗೇ ಇರುತ್ತದೆ, ವಾದ್ಯವನ್ನೇ ಕಾಲಿನ ಮೇಲೆ ತಿರುಗಿಸಬೇಕು. ಕಮಾನಿನ ಕೂದಲು ಸಡಿಲವಾಗಿರುತ್ತದೆ, ಅದರ ಬಿಗಿಯನ್ನು ಬೆರಳಿನಿಂದ ಒತ್ತಿ ಕಾಯಬೇಕು. ಎಡಗೈ ಬೇಗ ಒಗ್ಗುತ್ತದೆ. ಬಲಗೈ ಮಾತ್ರ ಮಗುವಿನ ಹಾಗೆ ಮತ್ತೆ ಶುರು ಮಾಡುತ್ತದೆ.

ಹಾಗಂತ ಮೊದಲ ವಾದ್ಯವಾಗಿ ಕಮಾಂಚೆ ಬೇಡ ಅನ್ನುವುದು ನನ್ನ ಸಲಹೆ. ಕಾರಣ ಕೈಯಲ್ಲ, ನಿಮ್ಮ ಗಮಕ. ಕಮಾನು ಹಿಡಿದ ಕೂಡಲೇ ನಿಮ್ಮ ಬೆರಳು ತಾನಾಗಿ ತೋಡಿಗೋ ಭೈರವಿಗೋ ಜಾರುತ್ತದೆ. ಇರಾನಿನ ಸಂಗೀತದಲ್ಲಿ ಸ್ವರಗಳು ನಮ್ಮಷ್ಟು ಓಲಾಡುವುದಿಲ್ಲ. ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅಲಂಕಾರ ಚಿಕ್ಕದಾಗಿ ಬಂದು ಹೋಗುತ್ತದೆ. ಅದಕ್ಕೇ ಮೊದಲ ಒಂದೆರಡು ವರ್ಷ ಸೆತಾರ್ ಕಲಿಯಿರಿ. ಹಿಪ್ಪುನೇರಳೆ ಮರದ ಪುಟ್ಟ ವಾದ್ಯ, ನಾಲ್ಕು ತಂತಿ, ಕತ್ತಿನ ಸುತ್ತ ಕಟ್ಟಿದ ಮೆಟ್ಟಿಲುಗಳು. ಬೇಕಾದರೆ ಜರುಗಿಸಬಹುದು. ತೋರುಬೆರಳಿನ ಉಗುರಿನಿಂದ ಮೀಟುತ್ತಾರೆ. ಮೆಟ್ಟಿಲು ಇರುವುದರಿಂದ ಪಿಟೀಲಿನ ಹಾಗೆ ಬೆರಳು ಜಾರುವ ಗಮಕಕ್ಕೆ ಜಾಗವಿಲ್ಲ. ಮೀಟಿನಿಂದಾಗಿ ಗುರು ಲಘುಗಳು ಎದ್ದು ಕೇಳುತ್ತವೆ. ಮಿರ್ಜಾ ಅಬ್ದುಲ್ಲಾ ರದೀಫ್ ಬಂದಿರುವುದೇ ತಾರ್, ಸೆತಾರ್ ಮೂಲಕ. ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳದಷ್ಟು ಮೆಲುದನಿ. ಅಪಾರ್ಟ್‌ಮೆಂಟಿನವರಿಗೆ ಇದಕ್ಕಿಂತ ಇನ್ನೇನು ಬೇಕು?

ಪಿಟೀಲನ್ನೇ ಬಳಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಳಸಬಹುದು. ಪಿಟೀಲು ಇರಾನಿಗೂ ಹೊರಗಿನಿಂದ ಬಂದು ಮನೆಯ ವಾದ್ಯವಾಯಿತು. ಅಬೊಲ್‌ಹಸನ್ ಸಬಾ (1902–1957) ಪಿಟೀಲಿಗೆಂದೇ ರದೀಫ್ ಪುಸ್ತಕಗಳನ್ನು ಮಾಡಿದರು. ಒಂದು ಕಾಲಕ್ಕೆ ಕಮಾಂಚೆಯನ್ನೇ ಪಿಟೀಲು ಮೂಲೆಗೆ ತಳ್ಳಿತ್ತು. ಇನ್ನೊಂದು ವಿಷಯ. ಅಲ್ಲಿ ಗಾಯಕರು ಒಂದು ಸಾಲು ಹಾಡಿದಾಗ ವಾದ್ಯದವರು ಅದರ ಹಿಂದೆಯೇ ಸಾಗಿ, ಗಾಯಕರು ನಿಲ್ಲಿಸಿದ ಮೇಲೆ ಅದಕ್ಕೆ ಉತ್ತರ ನುಡಿಸುತ್ತಾರೆ. ಇದಕ್ಕೆ ಜವಾಬೆ ಆವಾಜ್ ಅನ್ನುತ್ತಾರೆ. ಪಕ್ಕವಾದ್ಯದ ಪಿಟೀಲಿನವರು ಆಲಾಪನೆಯಲ್ಲಿ ಮಾಡುವ ಕೆಲಸ ಇದೇ ತಾನೆ? ಹದಿನೈದು ವರ್ಷದ ಆ ಅಭ್ಯಾಸ ನಿಮಗೆ ಇಲ್ಲಿ ಪೂರ್ತಿ ಕೈಗೆ ಬರುತ್ತದೆ. ಹಾಡಿದವರ ಸಾಲನ್ನು ಹಾಗೇ ಒಪ್ಪಿಸುವುದಲ್ಲ, ಅದರ ಸಾರ ಹಿಡಿದು ಚಿಕ್ಕದಾಗಿ ಹೇಳಬೇಕು. ಅದಕ್ಕೂ ಮೊದಲು ಸಾಲು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರಬೇಕು. ಮತ್ತೆ ಪದ್ಯಕ್ಕೇ ಬಂದೆವು ನೋಡಿ.

ಕಲ್ಹೋರ್ ಅವರು ನಮ್ಮ ಶುಜಾತ್ ಹುಸೇನ್ ಖಾನ್ ಅವರ ಸಿತಾರ್ ಜೊತೆ ‘ಗಜಲ್’ ಎಂಬ ಹೆಸರಿನಲ್ಲಿ ನುಡಿಸಿರುವುದನ್ನು ನೀವು ಕೇಳಿರಬಹುದು. ಬಹಳ ಚೆಂದ. ಆದರೆ ಅದನ್ನು ಮಾದರಿಯಾಗಿ ಇಟ್ಟುಕೊಂಡು ಈಗಲೇ ಫ್ಯೂಷನ್ ಕಡೆ ಹೋಗಬೇಡಿ. ಅವರಿಬ್ಬರೂ ತಂತಮ್ಮ ಮನೆಯಲ್ಲಿ ಗಟ್ಟಿಯಾಗಿ ಕೂತವರು. ಒಂದು ಕಾಲು ಮಾತ್ರ ಊರಿದವರು ಮಾಡಿದರೆ ಸುಮ್ನೆ ‘ಅರೇಬಿಯನ್ ನೈಟ್ಸ್’ ಹಿನ್ನೆಲೆ ಸಂಗೀತ ಆಗುತ್ತದೆ.

ಬಿಜಾಪುರ, ಬೀದರ್ ಬಗ್ಗೆ. ಫಾರ್ಸಿ ಕಾವ್ಯದ ನಂಟು ಗಟ್ಟಿ, ರದೀಫ್ ಸಂಗೀತದ ನಂಟು ಇಲ್ಲ. ಬಹಮನಿ ಸುಲ್ತಾನರು ಕಲಬುರಗಿಗೆ ಹಾಫಿಜ್‌ನನ್ನು ಕರೆಸಲು ಹಣ ಕಳಿಸಿದ್ದರಂತೆ. ಅವನು ಹೊರ್ಮುಜ್‌ವರೆಗೆ ಬಂದು ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಇಳಿದು, ತಾನು ಬರುವ ಬದಲು ಒಂದು ಗಜಲ್ ಕಳಿಸಿದನಂತೆ. ಈ ಕತೆ ಬರೆದ ಫಿರಿಶ್ತಾ ಬಿಜಾಪುರದಲ್ಲೇ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ. ಆ ಇಬ್ರಾಹಿಂ ‘ಕಿತಾಬೆ ನವರಸ್’ ಎಂಬ ಹಾಡುಗಳ ಪುಸ್ತಕವನ್ನು ದಖನಿಯಲ್ಲಿ ಬರೆದ. ಅದಕ್ಕೆ ಫಾರ್ಸಿ ಮುನ್ನುಡಿ ಬರೆದವನು ಇರಾನಿನಿಂದ ಬಂದಿದ್ದ ಕವಿ ಜುಹೂರಿ. ಆದರೆ ಒಳಗಿನ ಹಾಡುಗಳು ರಾಗಗಳಲ್ಲಿವೆ, ಗಣಪತಿ ಸರಸ್ವತಿಯರ ಸ್ತುತಿ ಇದೆ. ನೀವು ಕಲಿಯಲು ಹೊರಟಿರುವ ದಸ್ತಗಾಹ್ ಪದ್ಧತಿ ಈಗಿನ ರೂಪಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅದರ ಬೇರನ್ನು ಗೋಳಗುಮ್ಮಟದಲ್ಲಿ ಹುಡುಕಬೇಡಿ. ಬೀದರಿನ ರಂಗೀನ್ ಮಹಲಿನ ಗೋಡೆಯ ಮೇಲೆ ಫಾರ್ಸಿ ಪದ್ಯಗಳಿವೆ. ಲಿಪಿ ಕಲಿತ ಮೇಲೆ ಒಮ್ಮೆ ಹೋಗಿ ಓದಲು ಪ್ರಯತ್ನಿಸಿ, ಅಷ್ಟು ಸಂತೋಷ ಖಂಡಿತ ಸಿಗುತ್ತದೆ.

ಇನ್ನು ಕೆಲಸದ ಮಾತು. ಮೊದಲ ಮೂರು ತಿಂಗಳು ವಾದ್ಯ ಕೊಳ್ಳಬೇಡಿ. ಲಿಪಿ ಕಲಿಯಿರಿ. ವ್ಯಾಕರಣದಲ್ಲಿ ಲಿಂಗಭೇದವೇ ಇಲ್ಲ, ಕ್ರಿಯಾಪದ ಕನ್ನಡದ ಹಾಗೆ ಕೊನೆಗೆ ಬರುತ್ತದೆ, ಹೆದರುವಂಥದ್ದೇನಿಲ್ಲ. ಹಾಫಿಜ್‌ನ ಎರಡು ಗಜಲ್, ಮಸ್ನವಿಯ ಮೊದಲ ಹದಿನೆಂಟು ದ್ವಿಪದಿ, ಬಾಬಾ ತಾಹೆರ್‌ನ ನಾಲ್ಕೈದು ಚೌಪದಿ ಬಾಯಿಪಾಠ ಮಾಡಿ. ಬಾಬಾ ತಾಹೆರ್ ಸರಳ, ಜನಪದಕ್ಕೆ ಹತ್ತಿರ, ದಶ್ತಿಯಲ್ಲಿ ಹಾಡಿದ್ದು ಬಹಳ ಸಿಗುತ್ತದೆ. ಕೇಳುವುದಕ್ಕೆ ಒಂದೇ ದಸ್ತಗಾಹ್ ಆರಿಸಿಕೊಳ್ಳಿ. ಏಳನ್ನೂ ಒಟ್ಟಿಗೆ ಕೇಳಿದರೆ ಯಾವುದೂ ನಿಲ್ಲುವುದಿಲ್ಲ. ಮಾಹೂರ್ ಆದರೆ ನಿಮಗೆ ಹತ್ತಿರ, ಶೂರ್ ಆದರೆ ಆ ಸಂಗೀತಕ್ಕೆ ಹತ್ತಿರ. ನನ್ನನ್ನು ಕೇಳಿದರೆ ಶೂರ್. ಮಿರ್ಜಾ ಅಬ್ದುಲ್ಲಾ ರದೀಫನ್ನು ಅಲೀಜಾದೆ ಮತ್ತು ದಾರ್ಯೂಶ್ ತಲಾಯಿ, ಸಂತೂರ್‌ನಲ್ಲಿ ಮಜೀದ್ ಕಿಯಾನಿ ಧ್ವನಿಮುದ್ರಿಸಿದ್ದಾರೆ. ಒಂದೇ ಗುಶೆಯನ್ನು ಮೂವರಲ್ಲೂ ಕೇಳಿ ಹೋಲಿಸಿ. ಹಾಡಿದ ರದೀಫ್ ಬೇಕಂದರೆ ಕರೀಮಿ ಅವರದು. ತಲಾಯಿ ಮತ್ತು ಫ್ರಾನ್ಸಿನ ಜಾನ್ ದ್ಯೂರಿಂಗ್ ಮಾಡಿದ ಸ್ವರಲಿಪಿ ಪುಸ್ತಕಗಳಿವೆ. ಅವನ್ನು ಮರೆತದ್ದು ನೆನಪಿಸಿಕೊಳ್ಳಲು ಮಾತ್ರ ಇಟ್ಟುಕೊಳ್ಳಿ.

ಗುರುಗಳು ಆನ್‌ಲೈನ್‌ನಲ್ಲಿ ಸಿಗುತ್ತಾರೆ. ಇರಾನಿನ ಒಳಗಿರುವವರಿಗೆ ಇಲ್ಲಿಂದ ಶುಲ್ಕ ಕಳಿಸುವುದು ನಿರ್ಬಂಧಗಳಿಂದಾಗಿ ತಲೆನೋವು. ಅದಕ್ಕೇ ಯುರೋಪ್, ಕೆನಡಾ, ಅಮೆರಿಕದಲ್ಲಿ ನೆಲೆಸಿದ ಇರಾನಿ ಕಲಾವಿದರನ್ನು ಹುಡುಕುವುದು ಸುಲಭ. ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ‘ರದೀಫನ್ನು ಪದ್ಯದ ಜೊತೆ ಕಲಿಸುತ್ತೀರಾ?’ ಹೌದು ಅಂದರೆ ಸೇರಿಕೊಳ್ಳಿ. ನೇರವಾಗಿ ಹಾಡುಗಳ ನೋಟ್ಸ್ ಕಳಿಸುತ್ತೇನೆ ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಸೆತಾರ್ ತರಿಸುವಾಗ ಹವೆಯ ಲೆಕ್ಕ ಇರಲಿ. ಟೆಹರಾನಿನ ಒಣಹವೆಯಲ್ಲಿ ಮಾಡಿದ ತೆಳು ಮರ ಅದು. ಮೈಸೂರಿನಲ್ಲಿ ಹೇಗೋ ತಡೆದೀತು, ಮಳೆಗಾಲದಲ್ಲಿ ಮಂಗಳೂರಿಗೆ ತೆಗೆದುಕೊಂಡು ಹೋದರೆ ಹಲಗೆ ಉಬ್ಬುವ ಭಯ. ಪೆಟ್ಟಿಗೆಯೊಳಗೆ ಸಿಲಿಕಾ ಪೊಟ್ಟಣ ಹಾಕಿಡಿ. ತಾರ್, ಕಮಾಂಚೆಗಳಿಗೆ ಇನ್ನೂ ಕಷ್ಟ. ತೇವ ಕುಡಿದ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ. ಬಲಗೈ ತೋರುಬೆರಳಿನ ಉಗುರನ್ನು ಇವತ್ತಿನಿಂದಲೇ ಬೆಳೆಸಿ. ಕಮಾನು ಹಿಡಿಯುವುದಕ್ಕೆ ಅದರಿಂದ ಏನೂ ತೊಂದರೆಯಿಲ್ಲ.